ಶೂಟಿಂಗ್ ರೇಂಜಿನಲ್ಲಿ ಹೆಕ್ಕಿದ ಗುಂಡಿನ ಹಿತ್ತಾಳೆ ಕೇಸು ಮತ್ತೆ ತುಂಬಿಸ್ಲಿಕ್ಕೆ ಆಗ್ತದಾ? ಊರಿಗೆ ತರ್ಲಿಕ್ಕೆ ಆಗ್ತದಾ?

ಪ್ರಶ್ನೆ: ನಾವು ಬ್ರಹ್ಮಾವರದವರು. ನನ್ನ ತಮ್ಮ ಅಮೆರಿಕದಲ್ಲಿ ಡಲ್ಲಾಸ್ ಹತ್ರ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಎಚ್-1ಬಿ ವೀಸಾ. ಆಫೀಸಿನವರ ಜೊತೆ ಶೂಟಿಂಗ್ ರೇಂಜಿಗೆ ಹೋಗಿ ಹೋಗಿ ಈಗ ಅಲ್ಲಿ ಬಿದ್ದ ಪಿಸ್ತೂಲಿನ ಖಾಲಿ ಹಿತ್ತಾಳೆ ಕೇಸು (ಗುಂಡು ಹಾರಿದ ಮೇಲೆ ಉಳಿಯುವ ಕವಚ) ಬಕೆಟ್‌ಗಟ್ಟಲೆ ಹೆಕ್ಕಿ ಇಟ್ಟಿದ್ದಾನೆ, ರಿಲೋಡಿಂಗ್, ಅಂದ್ರೆ ಅದನ್ನು ಮತ್ತೆ ತುಂಬಿಸಿ ಗುಂಡು ಮಾಡುದು, ಶುರು ಮಾಡ್ತೇನೆ ಅಂತಾನೆ. ಯಾವುದು ಒಳ್ಳೇದು, ಯಾವುದು ಬಿಸಾಡ್ಬೇಕು, ಒಂದು ಕೇಸು ಎಷ್ಟು ಸಲ ಬರ್ತದೆ? ಅಮ್ಮ ಹುಣಸೆಹುಳಿಯಲ್ಲಿ ತಿಕ್ಕಿದ್ರೆ ಫಳಫಳ ಆಗ್ತದೆ ಅಂತಾರೆ, ಅದು ಸರಿಯಾ? ಬರುವಾಗ ಒಂದೈವತ್ತು ತಾ, ಕೀಚೈನ್ ಮಾಡಿಸುವ ಅಂತ ನಾನೂ ಹೇಳಿದ್ದೇನೆ. ಮನೆಯಲ್ಲಿ ತಂದೆಯವರ ಲೈಸೆನ್ಸಿನ ತೋಟೆ (ಕಾರ್ಟ್ರಿಜ್) ಕೋವಿ ಉಂಟು, ಅದ್ರ ಖಾಲಿ ತೋಟೆ ಕೂಡ ಹೀಗೆ ತುಂಬಿಸ್ಬಹುದಾ?

ಉತ್ತರ: ನೀವು ಕೇಳಿದ ಕ್ರಮದಲ್ಲಿ ಉತ್ತರ ಹೇಳುದಿಲ್ಲ, ಯಾಕಂದ್ರೆ ನಿಮ್ಮ ಪ್ರಶ್ನೆಯಲ್ಲಿ ನೀವು ಸುಮ್ಮನೆ ಮಾತಿಗೆ ಹೇಳಿದ ಒಂದು ಶಬ್ದವೇ ಎಲ್ಲದಕ್ಕಿಂತ ದೊಡ್ಡ ವಿಷಯ, ಅದು ತಮ್ಮನ ವೀಸಾ.

ಅಮೆರಿಕದ ಫೆಡರಲ್ ಕಾನೂನಲ್ಲಿ ಎಚ್-1ಬಿ, ಎಫ್-1, ಎಲ್-1 ಇಂಥ ವೀಸಾದಲ್ಲಿ ಇರುವವರು, ಅಂದ್ರೆ ಗ್ರೀನ್ ಕಾರ್ಡ್ ಇಲ್ಲದವರು, ಬಂದೂಕು ಆಗ್ಲಿ ಅಮ್ಯುನಿಷನ್ ಆಗ್ಲಿ ಇಟ್ಕೊಳ್ಳುದು ಅಪರಾಧ. ಇದಕ್ಕೆ ಕೆಲವು ವಿನಾಯಿತಿ ಉಂಟು, ನಮ್ಮ ಹುಡುಗರು ಹೆಚ್ಚಾಗಿ ಉಪಯೋಗಿಸುದು ಒಂದನ್ನು, ಅಲ್ಲಿಯ ಯಾವುದಾದ್ರೂ ರಾಜ್ಯದವರು ಕೊಟ್ಟ, ಅವಧಿ ಮುಗಿಯದ ಹಂಟಿಂಗ್ ಲೈಸೆನ್ಸ್ ಕೈಯಲ್ಲಿರ್ಬೇಕು. ರೇಂಜಿನಲ್ಲಿ ಬಾಡಿಗೆಗೆ ಪಿಸ್ತೂಲು ತಗೊಂಡು ಹೊಡಿಯುದು ಕೂಡ ಇದೇ ಲೆಕ್ಕಕ್ಕೆ ಬರ್ತದೆ. ಇಷ್ಟು ತುಂಬ ಜನಕ್ಕೆ ಗೊತ್ತುಂಟು. ಗೊತ್ತಿಲ್ಲದ್ದು ಎಂತ ಅಂದ್ರೆ, ಅದೇ ಕಾನೂನಲ್ಲಿ ಅಮ್ಯುನಿಷನ್ ಅಂದ್ರೆ ಎಂತ ಅಂತ ಹೇಳುವಾಗ ಪೂರ್ತಿ ಗುಂಡು ಮಾತ್ರ ಹೇಳಿಲ್ಲ, ಕಾರ್ಟ್ರಿಜ್ ಕೇಸು, ಪ್ರೈಮರ್ (ತಳದಲ್ಲಿ ಕಿಡಿ ಕೊಡುವ ಸಣ್ಣ ಸಿಡಿಮದ್ದಿನ ಬಿಲ್ಲೆ), ಬುಲೆಟ್ (ಮುಂದೆ ಹಾರಿ ಹೋಗುವ ತುದಿ), ಪೌಡರ್ ನಾಲ್ಕನ್ನೂ ಬೇರೆ ಬೇರೆಯಾಗಿ ಹೆಸರಿಸಿದ್ದಾರೆ. ಅಂದ್ರೆ ಆ ಬಕೆಟಲ್ಲಿ ಇರೋದು ಗುಜರಿ ಅಂತ ನಿಮ್ಮ ತಮ್ಮನಿಗೆ ಅನಿಸ್ಬಹುದು, ಆದ್ರೆ ಕಾನೂನಿನ ಪುಸ್ತಕ ತೆಗ್ದು ಓದಿದ್ರೆ ಖಾಲಿ ಕೇಸಿಗೂ ಅಮ್ಯುನಿಷನ್ ಅಂತಲೇ ಹೆಸರು. 2022ರ ತಿದ್ದುಪಡಿ ಆದ್ಮೇಲೆ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ. ನಾಲ್ಕು ಖಾಲಿ ಕೇಸು ಸಿಕ್ಕಿತು ಅಂತ ಯಾರೂ ನಾಳೆನೇ ಬಂದು ಹಿಡೀತಾರೆ ಅಂತ ನಾನು ಹೇಳ್ತಾ ಇಲ್ಲ, ಆದ್ರೆ ವೀಸಾ ರಿನ್ಯೂವಲ್, ಗ್ರೀನ್ ಕಾರ್ಡ್ ಅರ್ಜಿ ಎಲ್ಲ ಎದುರಿಗಿರುವ ಹುಡುಗ ಇಂಥದ್ದರಲ್ಲಿ ಕೈ ಹಾಕ್ಬಾರ್ದು. ಆ ಹಂಟಿಂಗ್ ಲೈಸೆನ್ಸ್ ಉಂಟಾ ಕೇಳಿ. ಇಲ್ಲದಿದ್ರೆ ಇಮಿಗ್ರೇಶನ್ ವಕೀಲರ ಹತ್ರ ಮಾತಾಡುವವರೆಗೆ ರೇಂಜಿಗೆ ಹೋಗುದೂ ಬೇಡ, ಆ ಬಕೆಟನ್ನ ಎಂತ ಮಾಡ್ಬೇಕು ಅಂತಲೂ ಅವರನ್ನೇ ಕೇಳ್ಲಿ, ಪ್ರೆಸ್ಸು ಡೈ (ಕೇಸನ್ನು ಒತ್ತಿ ಅಳತೆಗೆ ತರುವ ಯಂತ್ರ, ಅಚ್ಚು) ಅಂತ ದುಡ್ಡು ಹಾಕುದಂತೂ ಬೇಡವೇ ಬೇಡ.

ಇನ್ನು ಕಾನೂನಿನ ದಾರಿ ಸರಿ ಉಂಟು ಅಂತ ಇಟ್ಕೊಂಡು ಮುಂದಿನದ್ದು ಹೇಳ್ತೇನೆ. ಸ್ವಂತಕ್ಕೆ ರಿಲೋಡ್ ಮಾಡ್ಲಿಕ್ಕೆ ಅಲ್ಲಿ ಫೆಡರಲ್ ಲೈಸೆನ್ಸ್ ಬೇಡ, ತುಂಬಿಸಿದ್ದನ್ನು ಮಾರುವ ದಂಧೆ ಮಾಡಿದ್ರೆ ಬೇಕು. ಲೋಹಶಾಸ್ತ್ರ ನನ್ನ ವಿಷಯ, ಅಲ್ಲಿದ್ದ ವರ್ಷಗಳಲ್ಲಿ ರಿಲೋಡಿಂಗೂ ಮಾಡಿದ್ದೇನೆ, ಹಾಗಾಗಿ ಈ ಹಿತ್ತಾಳೆ ಬಗ್ಗೆ ಮಾತು ಸ್ವಲ್ಪ ಉದ್ದ ಆಗ್ತದೆ, ಸಹಿಸ್ಕೊಳ್ಳಿ.

ಗುಂಡು ಸಿಡಿದಾಗ ಕೇಸು ಮಾಡುವ ಕೆಲಸ ಎಂತ ಗೊತ್ತುಂಟಾ? ಒತ್ತಡಕ್ಕೆ ಅದು ಉಬ್ಬಿ ಚೇಂಬರಿನ (ಬಂದೂಕಿನೊಳಗೆ ಗುಂಡು ಕೂರುವ ಜಾಗ) ಗೋಡೆಗೆ ಅಂಟಿ ನಿಲ್ತದೆ, ಬಿಸಿ ಗ್ಯಾಸ್ ಹಿಂದೆ ನಿಮ್ಮ ಮುಖದ ಕಡೆ ಬಾರದ ಹಾಗೆ ಸೀಲ್ ಮಾಡ್ತದೆ, ಒತ್ತಡ ಇಳಿದ ಕೂಡ್ಲೆ ತುಸು ಕುಗ್ಗಿ ಗೋಡೆ ಬಿಟ್ಟು ಹೊರಗೆ ಬರ್ತದೆ. 9 ಎಂಎಂ ಲೂಗರ್ ಗುಂಡಿಗೆ ಮಾನದಂಡ ಇಡುವ ಅಮೆರಿಕದ ಸಾಮಿ ಸಂಸ್ಥೆ ಇಟ್ಟ ಗರಿಷ್ಠ ಒತ್ತಡ 35,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), 40 ಎಸ್‌ಅಂಡ್‌ಡಬ್ಲ್ಯುಗೂ ಅಷ್ಟೇ, 45 ಎಸಿಪಿಗೆ 21,000, 38 ಸ್ಪೆಷಲ್‌ಗೆ 17,000, ಇವೆಲ್ಲ ಬೇರೆ ಬೇರೆ ಅಳತೆಯ ಗುಂಡಿನ ಹೆಸರು. ಇಷ್ಟು ಒತ್ತಡಕ್ಕೆ ಉಬ್ಬಿ ಮತ್ತೆ ಕುಗ್ಗಿ ಬರ್ಲಿಕ್ಕೆ ಬೇಕಾದ ಗುಣ 70 ಭಾಗ ತಾಮ್ರ 30 ಭಾಗ ಸತು ಇರುವ ಹಿತ್ತಾಳೆಯಲ್ಲಿ ಚಂದ ಇರ್ತದೆ, ಅದಕ್ಕೇ ಆ ಮಿಶ್ರಣಕ್ಕೆ ಕಾರ್ಟ್ರಿಜ್ ಬ್ರಾಸ್ ಅಂತಲೇ ಹೆಸರು ಬಿದ್ದದ್ದು. ಬುಲೆಟ್ ಹೋಯ್ತು, ಪೌಡರ್ ಉರೀತು, ಪ್ರೈಮರ್ ಸುಟ್ಟಿತು, ಉಳಿಯುದು ಇದೊಂದೇ, ಹೊಸ ಗುಂಡಿನ ಬಿಡಿಭಾಗಗಳಲ್ಲಿ ಸಾಧಾರಣವಾಗಿ ಹೆಚ್ಚು ಬೆಲೆಯದ್ದೂ ಇದೇ. ಹಾಗಾಗಿ ಮತ್ತೆ ಬಳಸುದರಲ್ಲಿ ಅರ್ಥ ಉಂಟು. ಆದ್ರೆ ಪ್ರತಿ ಸಲ ಉಬ್ಬಿದಾಗ, ಮತ್ತೆ ಡೈಯೊಳಗೆ ಒತ್ತಿ ಅಳತೆಗೆ ತಂದಾಗ, ಬಾಯಿ ಅಗಲ ಮಾಡಿ ಪುನಃ ಕ್ರಿಂಪ್, ಅಂದ್ರೆ ಒತ್ತಿ ಬಿಗಿ, ಮಾಡಿದಾಗ ಹಿತ್ತಾಳೆ ಗಡಸಾಗ್ತಾ ಹೋಗ್ತದೆ, ಗಡಸಾದದ್ದು ಒಂದಿನ ಬಾಯಿಯ ಹತ್ರ ಉದ್ದಕ್ಕೆ ಸೀಳ್ತದೆ. ಎಷ್ಟು ಸಲ ಅನ್ನುವ ನಿಮ್ಮ ಪ್ರಶ್ನೆಗೆ ಒಂದು ನಂಬರ್ ಹೇಳುದು ಸುಳ್ಳು ಆಗ್ತದೆ ಮಾರಾಯ್ರೆ. ಕಡಿಮೆ ಒತ್ತಡದ 45 ಎಸಿಪಿ, 38 ಸ್ಪೆಷಲ್ ಕೇಸು ಮಿತವಾಗಿ ತುಂಬಿಸಿದ್ರೆ ತುಂಬಾ ಸಲ ಬರ್ತದೆ. 9 ಎಂಎಂ ಕೇಸು ಸವೆದು ಸಾಯುವ ಮೊದಲೇ ಹುಲ್ಲಲ್ಲಿ ಕಳ್ದು ಹೋಗುದೇ ಹೆಚ್ಚು. 357 ಮ್ಯಾಗ್ನಮ್ ತರದ್ದು ಪೂರ್ತಿ ಒತ್ತಡದಲ್ಲಿ ಹೊಡೆದ್ರೆ ಬೇಗ ಮುಗೀತದೆ. ಮೇಲೆ ನಿಕ್ಕಲ್ ಲೇಪ ಇದ್ದು ಬೆಳ್ಳಿ ಬಣ್ಣ ಕಾಣುದು ಹುಡುಕ್ಲಿಕ್ಕೆ ಸುಲಭ, ಬಾಯಿ ಮಾತ್ರ ಸಾದಾ ಹಿತ್ತಾಳೆಗಿಂತ ಬೇಗ ಸೀಳ್ತದೆ. ನೆಲದಿಂದ ಹೆಕ್ಕಿದ್ದರಲ್ಲಿ ಮೊದಲೇ ಎಷ್ಟು ಸಲ ತುಂಬಿಸಿದ್ದಾರೆ ಅಂತ ಯಾರಿಗೂ ಗೊತ್ತಿರುದಿಲ್ಲ, ಹಾಗಾಗಿ ಲೆಕ್ಕ ಇಡುದಕ್ಕಿಂತ ಒಂದೊಂದೇ ಕೇಸನ್ನು ಕಣ್ಣಿಟ್ಟು ನೋಡುದೇ ನಿಜವಾದ ಪರೀಕ್ಷೆ. ರಿಲೋಡಿಂಗಲ್ಲಿ ನಾನು ಹೇಳುದು ಇದೊಂದೇ, ಒಂದೊಂದೇ ನೋಡ್ಬೇಕು, ಸಂಶಯ ಬಂದದ್ದನ್ನು ಬಿಸಾಡ್ಬೇಕು, ಒಂದು ಕೇಸಿನ ಪೈಸೆ ಉಳಿಸ್ಲಿಕ್ಕೆ ಹೋಗಿ ಬೆರಳು ಕಣ್ಣು ಒತ್ತೆ ಇಡ್ಬಾರ್ದು.

ಹೆಕ್ಕುದರಲ್ಲೂ ಮರ್ಯಾದೆ ಉಂಟು. ರಿವಾಲ್ವರ್‌ನಲ್ಲಾದ್ರೆ ಕೇಸು ಸಿಲಿಂಡರ್‌ನಲ್ಲೇ ಉಳೀತದೆ, ಸೆಮಿ ಆಟೊಮ್ಯಾಟಿಕ್ ಪಿಸ್ತೂಲು ಬಲಗಡೆಗೆ ಎಸೀತದೆ, ಅದು ಪಕ್ಕದವನ ಕಾಲಬುಡಕ್ಕೆ ಹೋಗಿ ಬೀಳ್ತದೆ. ತುಂಬ ರೇಂಜುಗಳಲ್ಲಿ ನೆಲಕ್ಕೆ ಬಿದ್ದದ್ದೆಲ್ಲ ರೇಂಜಿನದ್ದು ಅಂತ ನಿಯಮ, ಅವರು ಅದನ್ನ ಮಾರ್ತಾರೆ. ಕೆಲವು ಕಡೆ ನಿಮ್ಮದ್ದನ್ನು ನೀವು ತಗೊಳ್ಳಬಹುದು, ಬೇರೆಯವರದ್ದು ಮುಟ್ಲಿಕ್ಕಿಲ್ಲ. ಮೊದಲು ಕೇಳ್ಬೇಕು. ಫೈರಿಂಗ್ ಲೈನ್ ದಾಟಿ ಒಂದು ಹೆಜ್ಜೆ ಮುಂದೆ ಬಿದ್ದಿದ್ರೂ ಆಫೀಸರ್ ರೇಂಜ್ ಕೋಲ್ಡ್, ಅಂದ್ರೆ ಎಲ್ಲರೂ ಹೊಡೆಯುದು ನಿಲ್ಲಿಸಿ ಆಯ್ತು, ಅಂತ ಹೇಳುವವರೆಗೆ ಬಗ್ಗುವ ಹಾಗಿಲ್ಲ, ಕಾಲಲ್ಲಿ ಎಳ್ಕೊಳ್ಳುವ ಹಾಗೂ ಇಲ್ಲ. ಇನ್ನೊಂದು, ಆ ರಾಶಿಯಲ್ಲಿ ಸಿಡಿಯದೆ ಬಿದ್ದ ಜೀವಂತ ಗುಂಡೂ ಒಮ್ಮೊಮ್ಮೆ ಇರ್ತದೆ. ಅದನ್ನು ರೇಂಜಿನವರ ಕೈಗೆ ಕೊಡುದು, ಬಕೆಟಿಗೆ ಹಾಕ್ಲಿಕ್ಕಿಲ್ಲ.

ಮನೆಗೆ ತಂದ್ಮೇಲೆ ಮೊದಲ ಕೆಲಸ ವಿಂಗಡಣೆ, ಇದಕ್ಕೆ ಮೊದಲು ಒಂದು ಅಯಸ್ಕಾಂತ ಆಡಿಸಿ. ಅಂಟಿದ್ದು ಸ್ಟೀಲ್, ಮೇಲೆ ಹಿತ್ತಾಳೆ ಬಣ್ಣ ಇದ್ರೂ ಒಳಗೆ ಸ್ಟೀಲ್, ತೆಗ್ದು ಹಾಕಿ. ಹಗುರ, ಮಂಕು ಬೂದು ಬಣ್ಣದ್ದು ಅಲ್ಯೂಮಿನಿಯಂ, ಅದೂ ಬೇಡ. 22 ರಿಮ್‌ಫೈರ್ ಸಣ್ಣ ಕೇಸು ಸಿಕ್ಕಿದ್ರೆ ಗುಜರಿಗೆ, ಅದ್ರಲ್ಲಿ ಬೇರೆ ಪ್ರೈಮರ್ ಅಂತ ಇಲ್ಲ, ಸಿಡಿಮದ್ದು ಅಂಚಿನ ಮಡಿಕೆಯೊಳಗೇ ಇರುದು, ತುಂಬಿಸ್ಲಿಕ್ಕೆ ಸಾಧ್ಯವಿಲ್ಲ. ಉಳಿದ ಹಿತ್ತಾಳೆಯಲ್ಲಿ ಮೋಸ ಹೋಗುದು ಅಳತೆಯಲ್ಲಿ. 9 ಎಂಎಂ ಲೂಗರ್ ಕೇಸು 19.15 ಮಿಲಿಮೀಟರ್ ಉದ್ದ, 9 ಎಂಎಂ ಮಕಾರೊವ್ ಸುಮಾರು 18, 380 ಎಸಿಪಿ 17.3, ಮೂರೂ ಬಕೆಟಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣ್ತವೆ. ಸೂಕ್ಷ್ಮವಾಗಿ ಅಳೆಯುವ ಕ್ಯಾಲಿಪರ್ ಬೇಕೇ ಬೇಕು. ಅದ್ರ ಮೇಲೆ 9 ಎಂಎಂ ಕೇಸು ಹೋಗಿ 40ರ ಹೊಟ್ಟೆಯೊಳಗೆ ಕೂತಿರ್ತದೆ, 40 ಹೋಗಿ 45ರ ಒಳಗೆ, ಇದನ್ನ ನೋಡದೆ ಪ್ರೆಸ್ಸಿಗೆ ಇಟ್ರೆ ಡೈ ಹಾಳು. 45 ಎಸಿಪಿಯಲ್ಲಿ ಇನ್ನೊಂದು ಕಿರಿಕಿರಿ, ಹಳೇದೆಲ್ಲ ದೊಡ್ಡ ಪ್ರೈಮರಿನದ್ದು, ಈಗ ಸಣ್ಣ ಪ್ರೈಮರಿನದ್ದೂ ಬರ್ತದೆ, ಹೊರಗಿನಿಂದ ಒಂದೇ ತರ, ತಿರುಗಿಸಿ ತಳ ನೋಡಿದ್ರೆ ಮಾತ್ರ ಗೊತ್ತಾಗ್ತದೆ.

ತಳದಲ್ಲಿ ಅಕ್ಷರ ಇರ್ತದಲ್ಲ, ಹೆಡ್‌ಸ್ಟ್ಯಾಂಪ್, ಅದನ್ನು ಓದುವ ಅಭ್ಯಾಸ ಮಾಡ್ಕೊಳ್ಳಿ. ಎಫ್‌ಸಿ ಅಂದ್ರೆ ಫೆಡರಲ್, ಆರ್-ಪಿ ಅಂದ್ರೆ ರೆಮಿಂಗ್ಟನ್, ಎಸ್‌ಅಂಡ್‌ಬಿ ಅಂದ್ರೆ ಚೆಕ್ ದೇಶದ ಸೆಲಿಯರ್ ಆಂಡ್ ಬೆಲೊ. ನಮ್ಮಲ್ಲಿಯ ಕೆಎಫ್ ಅಂದ್ರೆ ಪುಣೆ ಹತ್ರದ ಖಡ್ಕಿ ಫ್ಯಾಕ್ಟರಿ. ವೃತ್ತದೊಳಗೆ ಕೂಡಿಸು ಗುರುತು ಇದ್ರೆ ಅದು ನೇಟೊ ಮಿಲಿಟರಿ ಮಾಲು. ಮಿಲಿಟರಿ ಕೇಸಿನಲ್ಲಿ ಪ್ರೈಮರ್ ಹೊರಗೆ ಜಾರದ ಹಾಗೆ ಸುತ್ತ ಹಿತ್ತಾಳೆಯನ್ನು ಒತ್ತಿ ಕ್ರಿಂಪ್ ಮಾಡಿರ್ತಾರೆ. ಹಳೇ ಪ್ರೈಮರ್ ತೆಗ್ದ ಮೇಲೆ ಆ ಅಂಚನ್ನು ಸ್ವೇಜ್ (ಒತ್ತಿ ಸರಿ) ಮಾಡ್ಬೇಕು ಇಲ್ಲ ರೀಮ್ (ಕೆರೆದು ಸರಿ) ಮಾಡ್ಬೇಕು, ಅದಿಲ್ಲದೆ ಹೊಸದನ್ನು ಒತ್ತಿ ಕೂರಿಸ್ಲಿಕ್ಕೆ ಹೋದ್ರೆ ಪ್ರೈಮರ್ ಜಜ್ಜಿ ಹೋಗ್ತದೆ, ಕೆಲವೊಮ್ಮೆ ಅಲ್ಲೇ ಸಿಡೀತದೆ.

ಪ್ರೈಮರ್ ಕೂರುವ ಗುಂಡಿಯಲ್ಲಿ ಎರಡು ಜಾತಿ. ಒಳಗೆ ಟಾರ್ಚ್ ಹಾಕಿ ನೋಡಿ, ನಡುವೆ ಒಂದೇ ತೂತು ಇದ್ರೆ ಬಾಕ್ಸರ್, ಎರಡು ಸಣ್ಣ ತೂತು ಇದ್ರೆ ಬರ್ಡನ್. ಎರಡೂ 1860ರ ದಶಕದವು, ಎಡ್ವರ್ಡ್ ಬಾಕ್ಸರ್ ಬ್ರಿಟಿಷ್ ಸೇನೆಯವರು, ಹೈರಮ್ ಬರ್ಡನ್ ಅಮೆರಿಕದವರು, ಆದ್ರೆ ಬ್ರಿಟಿಷರವನ ಪದ್ಧತಿ ಅಮೆರಿಕದಲ್ಲಿ ಬೇರೂರಿತು, ಅಮೆರಿಕದವನದ್ದು ಯುರೋಪಿನಲ್ಲಿ. ರಿಲೋಡ್ ಮಾಡುವವರಿಗೆ ಬೇಕಾದ್ದು ಬಾಕ್ಸರ್. ಡೈಯ ನಡುವಿನ ಪಿನ್ನು ಅದೊಂದು ತೂತಿನಲ್ಲಿ ಹೋಗಿ ಹಳೇ ಪ್ರೈಮರನ್ನು ಹೊರಗೆ ತಳ್ತದೆ, ಬರ್ಡನ್ ಕೇಸಲ್ಲಿ ಆ ಪಿನ್ನಿಗೆ ನಡುವೆ ದಾರಿಯೇ ಇಲ್ಲ, ಪಿನ್ನು ಮುರೀತದೆ.

ಈಗ ನೋಡುವ ಕೆಲಸ. ಬಾಯಿಯಿಂದ ಕೆಳಗೆ ಕೂದಲೆಳೆಯಷ್ಟು ಗೆರೆ ಇದ್ರೂ ಬಿಸಾಡಿ, ಅಂಟಿಸುದು ಬೆಸೆಯುದು ಎಂತದೂ ಇಲ್ಲ. ಕಣ್ಣಿಗೆ ಕಾಣದ ಸೀಳು ಕಿವಿಗೆ ಗೊತ್ತಾಗ್ತದೆ, ಮಣ್ಣಿನ ಮಡಕೆಯನ್ನು ಬೆರಳಲ್ಲಿ ಬಡಿದು ತಗೊಳ್ತೇವಲ್ಲ ಹಾಗೆ, ನಾಲ್ಕೈದು ಕೇಸು ಅಂಗೈಯಲ್ಲಿ ಹಾಕಿ ಕುಲುಕಿ, ಒಳ್ಳೇದು ಟಿಣ್ ಟಿಣ್ ಅಂತದೆ, ಸೀಳಿದ್ದು ಅದ್ರ ಮಧ್ಯ ಒಡಕು ಸ್ವರ ಕೊಡ್ತದೆ. ಹೊಟ್ಟೆ ಒಂದು ಬದಿಗೆ ಉಬ್ಬಿದ್ದು ಉಂಟಾ ಅಂತ ತಳದ ಸ್ವಲ್ಪ ಮೇಲೆ ನೋಡಿ, ವಿಶೇಷವಾಗಿ 40 ಎಸ್‌ಅಂಡ್‌ಡಬ್ಲ್ಯುನಲ್ಲಿ. ಕೆಲವು ಹಳೇ ಪಿಸ್ತೂಲುಗಳ ಚೇಂಬರ್ ಆ ಜಾಗದಲ್ಲಿ ಕೇಸಿಗೆ ಪೂರ್ತಿ ಆಧಾರ ಕೊಡುದಿಲ್ಲ, ಅಲ್ಲಿ ಹಿತ್ತಾಳೆ ಹೊರಗೆ ಹೊಟ್ಟೆ ಬಿಡ್ತದೆ. ಆ ಉಬ್ಬನ್ನು ನೇರ ಮಾಡುವ ಡೈ ಮಾರ್ಕೆಟಲ್ಲಿ ಸಿಗ್ತದೆ ಹೌದು, ಆಕಾರ ಸರಿಯಾಗ್ತದೆ, ಆದ್ರೆ ಒಮ್ಮೆ ಎಳೆದು ತೆಳು ಆದ ಲೋಹ ಮತ್ತೆ ದಪ್ಪ ಆಗುದಿಲ್ಲ. ಗುಂಡಿನ ಬಲ ನಿಂತಿರುದೇ ಆ ತಳದ ಭಾಗದ ಮೇಲೆ. ನಾನಾದ್ರೆ ಹೊಟ್ಟೆ ಬಿಟ್ಟ 40 ಇಟ್ಕೊಳ್ಳುದಿಲ್ಲ. ಟಾರ್ಚ್ ಹಾಕಿ ಒಳಗೂ ನೋಡಿ, ಕೆಲವು 9 ಎಂಎಂ ಕೇಸಿನ ಒಳಗೋಡೆಯಲ್ಲಿ ಒಂದು ಮೆಟ್ಟಿಲು ಇರ್ತದೆ, ಆ ಮೆಟ್ಟಿಲಿನಲ್ಲೇ ಕೇಸು ಎರಡು ತುಂಡಾಗುವ ಅಪಾಯ, ಅದನ್ನು ತೆಗೆದಿಡಿ. ಕೊನೆಗೆ ಹೊಸ ಪ್ರೈಮರ್ ಕೂರಿಸುವಾಗ ಕೈಗೆ ಬಿಗಿ ಗೊತ್ತಾಗ್ಬೇಕು, ಬೆರಳಲ್ಲಿ ಒತ್ತಿದ್ರೆ ಹೋಗಿ ಕೂತ್ರೆ ಆ ಕೇಸಿನ ಆಯುಷ್ಯ ಮುಗೀತು.

ಈಗ ಅಮ್ಮನ ಹುಣಸೆಹುಳಿಗೆ ಬರುವ. ದೇವರ ದೀಪ, ಗಿಂಡಿ, ಗಂಟೆ ಎಲ್ಲ ನಾವು ಹುಣಸೆಹುಳಿಯಲ್ಲೋ ಬಿಂಬುಳಿಯಲ್ಲೋ ತಿಕ್ಕಿಯೇ ಬೆಳೆದದ್ದು, ಹಿತ್ತಾಳೆ ಮಿಂಚ್ತದೆ ಅನ್ನುದರಲ್ಲಿ ಸಂಶಯ ಇಲ್ಲ. ಆದ್ರೆ ದೀಪದ ಗೋಡೆಗೆ ಯಾವ ಒತ್ತಡವೂ ಬರುದಿಲ್ಲ. ಹುಳಿಯಲ್ಲಿ, ಅದೂ ಉಪ್ಪು ಸೇರಿಸಿದ ಹುಳಿಯಲ್ಲಿ, ಹಿತ್ತಾಳೆಯನ್ನು ತುಂಬ ಹೊತ್ತು ನೆನೆಹಾಕಿದ್ರೆ ಸತು ಕರಗಿ ಹೊರಗೆ ಹೋಗ್ತದೆ, ಮೇಲ್ಪದರದಲ್ಲಿ ತಾಮ್ರ ಮಾತ್ರ ಉಳೀತದೆ, ಬಣ್ಣ ನಸು ಗುಲಾಬಿಗೆ ತಿರುಗ್ತದೆ. ಗುಲಾಬಿ ಕಂಡ್ರೆ ಆಸಿಡ್ ಜಾಸ್ತಿ ಆಗಿದೆ ಅಂತ ಅರ್ಥ. ವಿನೆಗರಿನಲ್ಲಿ ರಾತ್ರಿಯಿಡೀ ಬಿಡುವವರಿಗೂ ಇದೇ ಮಾತು. ಅಲ್ಲಿಯವರು ಮಾಡುದು ಎರಡು ಕ್ರಮ. ಒಂದು ಒಣ ಕ್ರಮ, ಅಲುಗಾಡುವ ಟಂಬ್ಲರಿನಲ್ಲಿ ವಾಲ್‌ನಟ್ ಚಿಪ್ಪಿನ ತರಿ ಇಲ್ಲ ಜೋಳದ ದಿಂಡಿನ ತರಿ ಜೊತೆ ಕೆಲವು ಗಂಟೆ ಬಿಡುದು. ಇನ್ನೊಂದು ಒದ್ದೆ ಕ್ರಮ, ತಿರುಗುವ ಡ್ರಮ್ಮಿನಲ್ಲಿ ನೀರು, ಸಣ್ಣ ಸ್ಟೇನ್‌ಲೆಸ್ ಪಿನ್ನು, ಪಾತ್ರೆ ತೊಳೆಯುವ ಸೋಪು, ಒಂದು ಚಿಟಿಕೆ ಸಿಟ್ರಿಕ್ ಆಸಿಡ್, ಮತ್ತೆ ಚೆನ್ನಾಗಿ ಜಾಲಿಸಿ ಒಣಗಿಸುದು. ಚಿಟಿಕೆ ಅಂದ್ರೆ ಚಿಟಿಕೆಯೇ, ಮುಷ್ಟಿ ಅಲ್ಲ. ಕಂದು ಬಣ್ಣ ಹಿಡಿದದ್ದು ಇದ್ರೆ ಅದ್ರಿಂದ ಎಂತ ತೊಂದ್ರೆಯೂ ಇಲ್ಲ, ಕನ್ನಡಿ ಹಾಗೆ ಮಿಂಚ್ಲೇಬೇಕು ಅಂತಿಲ್ಲ, ಮಣ್ಣು ಮರಳು ಹೋದ್ರೆ ಸಾಕು, ಡೈ ಗೀರು ಬೀಳ್ಬಾರ್ದು ಅಷ್ಟೇ. ಹಸಿರು ಹಿಡಿದು ಗುಳಿ ಬಿದ್ದದ್ದು ಬೇರೆ ವಿಷಯ, ಅದು ಗುಜರಿಗೆ.

ಒಣಗಿಸ್ಲಿಕ್ಕೆ ಬಿಸಿಲು ಸಾಕು. ಗ್ಯಾಸ್ ಒಲೆ ಮೇಲೆ ಕಾಯಿಸುದು ಬೇಡ, ತಳ ಕಾದು ಮೆತ್ತಗಾದ್ರೆ ಆ ಕೇಸು ಒತ್ತಡ ತಡೀಲಿಕ್ಕಿಲ್ಲ.

ಇಲ್ಲಿ ನಮ್ಮ ದೇಶದ್ದೇ ಒಂದು ಕತೆ ಹೇಳ್ಬೇಕು, ನಾನು ಲೋಹಶಾಸ್ತ್ರ ಕಲಿಯುವಾಗ ಮನಸ್ಸಿಗೆ ಹಿಡಿದದ್ದು. ಬ್ರಿಟಿಷರ ಕಾಲದಲ್ಲಿ ಇಲ್ಲಿಯ ಸೈನ್ಯದವರು ಮಳೆಗಾಲಕ್ಕೆ ಗುಂಡಿನ ಪೆಟ್ಟಿಗೆಗಳನ್ನು ಕುದುರೆ ಲಾಯದಲ್ಲಿ ಇಡ್ತಿದ್ರು, ಮಳೆ ಮುಗಿದು ತೆಗೆದು ನೋಡಿದ್ರೆ ಯಾರೂ ಮುಟ್ಟದ ಹಿತ್ತಾಳೆ ಕೇಸು ತನ್ನಿಂದ ತಾನೇ ಸೀಳಿರ್ತಿತ್ತು. ಸೀಸನ್ ಕ್ರ್ಯಾಕಿಂಗ್ ಅಂತ ಹೆಸರು ಬಂದದ್ದು ಹಾಗೆ. ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮಲ್ಲಿನ್‌ಸನ್ ಅನ್ನುವ ಮೂವರು. ಕುದುರೆ ಮೂತ್ರದ ಅಮೋನಿಯ, ಮಳೆಗಾಲದ ತೇವ, ಮತ್ತೆ ಕೇಸು ಮಾಡುವಾಗ ಲೋಹದೊಳಗೆ ಉಳಿದ ಬಿಗಿತ, ಮೂರೂ ಸೇರಿದ್ರೆ ಹಿತ್ತಾಳೆ ಒಡೀತದೆ. ಹಾಗಾಗಿ ಅಮೋನಿಯ ಇರುವ ಪಾಲಿಶ್, ನಮ್ಮಲ್ಲಿ ಎಲ್ಲರ ಮನೆಯಲ್ಲಿರುವ ಬ್ರಾಸೊ ಕೂಡ ಅದೇ ಜಾತಿಯದ್ದು, ಮತ್ತೆ ಬಳಸುವ ಕೇಸಿಗೆ ಹಚ್ಚಲೇಬಾರ್ದು. ಮಿಂಚ್ತದೆ, ಒಳಗಿಂದ ಹಾಳಾಗ್ತದೆ. ನಮ್ಮ ಕಡೆ ಕೋವಿ ಇರುವ ಮನೆಯವರಿಗೂ ಹೇಳುದು ಇದನ್ನೇ, ತೋಟೆಯ ಪೆಟ್ಟಿಗೆ ದನದ ಹಟ್ಟಿಗೆ ತಾಗಿದ ಕೋಣೆಯಲ್ಲಿ, ಗೊಬ್ಬರದ ಚೀಲದ ಹತ್ರ ಇಡ್ಬೇಡಿ, ತೋಟೆಯ ತಳವೂ ಹೆಚ್ಚಾಗಿ ಹಿತ್ತಾಳೆಯೇ, ನಮ್ಮ ಜೂನ್ ಜುಲೈ ತೇವ ಬೇರೆ ಕೇಳ್ಬೇಕಾ.

ಹುಣಸೆಹುಳಿ ಬೇಡ ಅನ್ಲಿಕ್ಕೆ ಇದಕ್ಕಿಂತ ದೊಡ್ಡ ಕಾರಣ ಉಂಟು, ಸೀಸ. ಸಾಮಾನ್ಯ ಪ್ರೈಮರಿನ ಸಿಡಿಮದ್ದು ಲೆಡ್ ಸ್ಟಿಫ್ನೇಟ್. ಸುಟ್ಟ ಮೇಲೆ ಕೇಸಿನೊಳಗೆ ಕಪ್ಪು ಮಸಿ ಇರ್ತದಲ್ಲ, ಅದ್ರಲ್ಲಿ ಸೀಸದ ಧೂಳು ಉಂಟು. ಅದನ್ನ ಅಡುಗೆಮನೆಯ ಸಿಂಕಿನಲ್ಲಿ ತೊಳ್ದು, ಅನ್ನ ಬಸಿಯುವ ಜಾಲರಿಯಲ್ಲಿ ಬಸಿದು, ಮಕ್ಕಳ ಬಟ್ಟೆ ಒಣಗಿಸುವಲ್ಲಿ ಹರಡಿದ್ರೆ ಎಂತ ಆಗ್ಬಹುದು ಯೋಚನೆ ಮಾಡಿ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಮಕ್ಕಳ ರಕ್ತದಲ್ಲಿ ಸೀಸದ ಎಚ್ಚರಿಕೆ ಮಟ್ಟವನ್ನು ಡೆಸಿಲೀಟರಿಗೆ 3.5 ಮೈಕ್ರೊಗ್ರಾಮ್‌ಗೆ ಇಳಿಸಿತು, ಅಷ್ಟು ಕಡಿಮೆಯಲ್ಲೂ ಮಗುವಿನ ಮೆದುಳಿನ ಬೆಳವಣಿಗೆ ಬಗ್ಗೆ ಚಿಂತೆ ಮಾಡ್ಬೇಕು ಅಂತ ಲೆಕ್ಕ. ಹಾಗಾಗಿ ಗ್ಲೌಸ್ ಹಾಕಿ, ಪ್ರತ್ಯೇಕ ಬಕೆಟ್ ಪ್ರತ್ಯೇಕ ಜಾಲರಿ, ಒಣ ಟಂಬ್ಲರ್ ಆದ್ರೆ ಮನೆಯ ಹೊರಗೆ, ತರಿಯನ್ನು ಕೇಸಿನಿಂದ ಬೇರ್ಪಡಿಸುವಾಗ ಏಳುವ ಧೂಳು ಎಲ್ಲದಕ್ಕಿಂತ ಕೆಟ್ಟದ್ದು, ಆಗ ಮಾಸ್ಕ್. ಕೆಲಸ ಆದ್ಮೇಲೆ ಸೋಪು ಹಾಕಿ ಕೈ ತೊಳೆಯದೆ ಚಕ್ಕುಲಿಗೆ ಕೈ ಹಾಕುದು ಬೇಡ, ಆ ಬಟ್ಟೆಯಲ್ಲಿ ಮಗುವನ್ನು ಎತ್ತುದೂ ಬೇಡ. ತಮ್ಮನ ಹೆಂಡತಿ ಬಸುರಿ ಇದ್ರೆ ಈ ಕೆಲಸ ಮನೆಯೊಳಗೆ ನಡೀಲೇಬಾರ್ದು. ಹೆಕ್ಕುವ ಉತ್ಸಾಹದಲ್ಲಿ ಖಾಲಿ ಕೇಸನ್ನು ಟೋಪಿಯಲ್ಲಿ, ಪ್ಯಾಂಟಿನ ಜೇಬಿನಲ್ಲಿ ತುಂಬ್ಕೊಂಡು ಬರುವವರನ್ನು ನೋಡಿದ್ದೇನೆ, ಅದೂ ಸರಿಯಲ್ಲ.

ತುಂಬಿಸುವ ವಿಷಯ ಇಲ್ಲಿ ಹೇಳಿ ಕಲಿಸುವಂಥದ್ದಲ್ಲ, ಅಲ್ಲಿ ಅನುಭವ ಇರುವವರ ಪಕ್ಕದಲ್ಲಿ ಕೂತು ಕಲೀಲಿ. ಎರಡು ಮಾತು ಮಾತ್ರ. ಪೌಡರ್ ಕಂಪೆನಿಯವರು ಪ್ರಕಟಿಸಿದ ಅಳತೆ ಬಿಟ್ಟು ಸ್ನೇಹಿತನ ಬಾಯಿಮಾತಿನ ಅಳತೆ ನಂಬುದು ಬೇಡ. ಪಿಸ್ತೂಲಿನ ಕೇಸಿಗೆ ಬೇಕಾದ ಪೌಡರ್ ಸ್ವಲ್ಪವೇ, ಹಾಗಾಗಿ ಗೊತ್ತಿಲ್ಲದೆ ಎರಡು ಸಲ ಬಿದ್ರೂ ತುಂಬಿ ಚೆಲ್ಲದೆ ಒಳಗೇ ಕೂತಿರ್ತದೆ, ಬೆಳಕು ಹಾಕಿ ಪ್ರತಿ ಕೇಸಿನ ಒಳಗೆ ನೋಡಿದ ಮೇಲೆಯೇ ಬುಲೆಟ್ ಕೂರಿಸ್ಬೇಕು. ಪೌಡರೇ ಬೀಳದಿದ್ರೆ ಬುಲೆಟ್ ನಳಿಗೆಯ ಅರ್ಧದಲ್ಲಿ ಸಿಕ್ಕಿ ನಿಲ್ತದೆ, ಹೊಡೆದಾಗ ಶಬ್ದ ಪುಸ್ಕ ಅಂತ ಬಂದ್ರೆ ಅಲ್ಲಿಗೇ ನಿಲ್ಲಿಸ್ಬೇಕು, ಇನ್ನೊಂದು ಹೊಡೆದ್ರೆ ನಳಿಗೆ ಒಡೀತದೆ.

ಇನ್ನು ಊರಿಗೆ ತರುದು. ಬೇಡ ಅಂತ ಈಗ್ಲೇ ಫೋನ್ ಮಾಡಿ ಹೇಳಿ. ಅಮೆರಿಕದ ಒಳಗಿನ ವಿಮಾನದಲ್ಲಿ ಖಾಲಿ ಕೇಸಿಗೆ ಅವಕಾಶ ಇದ್ರೂ ಅದು ಅಲ್ಲಿಗೆ ಮುಗೀತು. ದುಬೈ, ಅಬುಧಾಬಿ, ದೋಹ ಮೂಲಕ ಬರುವಾಗ ಬ್ಯಾಗ್ ಮತ್ತೆ ಸ್ಕ್ಯಾನ್ ಆಗ್ತದೆ, ಅಲ್ಲಿಯವರು ಗುಂಡಿನ ಆಕಾರದ್ದು ಎಂತ ಕಂಡ್ರೂ ಸುಲಭಕ್ಕೆ ಬಿಡುದಿಲ್ಲ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ್ರೂ ಕಸ್ಟಮ್ಸ್, ಮತ್ತೆ ಬೆಂಗಳೂರಿಗೋ ಮುಂಬೈಗೋ ಹೋಗುವಾಗ ಸಿಐಎಸ್‌ಎಫ್. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್‌ನಲ್ಲಿ, ಬೇರೆ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶ ಇಲ್ಲದೆ ಮದ್ದುಗುಂಡಿನ ಸಣ್ಣ ಭಾಗ ಇಟ್ಕೊಂಡವರಿಗೆ ರಿಯಾಯಿತಿ ಉಂಟು, ಅದು ನಿಜ. ಆದ್ರೆ ಆ ವಾದ ನಡೆಯುದು ಕೋರ್ಟಿನಲ್ಲಿ ಮಾರಾಯ್ರೆ, ಸ್ಕ್ಯಾನರಿನ ಎದುರು ಅಲ್ಲ. ಅಲ್ಲಿ ತನಕ ವಿಮಾನ ತಪ್ಪಿರ್ತದೆ, ಸ್ಟೇಷನ್ನಿಗೆ ಹೋಗಿ ಆಗಿರ್ತದೆ, ವಕೀಲರಿಗೆ ಕೊಟ್ಟ ದುಡ್ಡಲ್ಲಿ ಬಂಗಾರದ ಕೀಚೈನ್ ಮಾಡಿಸ್ಬಹುದು. ಒಂದೈವತ್ತು ಅಂದ್ರೆ ಇನ್ನೂ ಕಷ್ಟ, ಒಂದಾದ್ರೆ ನೆನಪಿಗೆ ಅಂತ ಹೇಳ್ಬಹುದು, ಐವತ್ತಕ್ಕೆ ಎಂತ ಹೇಳುದು? ಕೊರಿಯರಲ್ಲಿ ಕಳಿಸುದೂ ಬೇಡ, ಅಮೆರಿಕದಿಂದ ಮದ್ದುಗುಂಡಿನ ಭಾಗ ಹೊರದೇಶಕ್ಕೆ ಹೋಗ್ಲಿಕ್ಕೆ ರಫ್ತು ನಿಯಂತ್ರಣ ಉಂಟು.

ಇಲ್ಲಿ ತಂದು ತುಂಬಿಸುದಂತೂ ಯೋಚನೆಗೇ ಬರ್ಬಾರ್ದು. 9 ಎಂಎಂ ನಮ್ಮಲ್ಲಿ ಸಾರ್ವಜನಿಕರಿಗೆ ನಿಷೇಧಿತ ಬೋರ್ (ನಳಿಗೆಯ ಅಳತೆ). ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸಿದ್ರೆ 2019ರ ತಿದ್ದುಪಡಿ ಪ್ರಕಾರ ಕನಿಷ್ಠ 7 ವರ್ಷ, ಜೀವಾವಧಿ ತನಕ ಹೋಗ್ಬಹುದು.

ತಂದೆಯವರ ತೋಟೆ ಕೋವಿಗೂ ಉತ್ತರ ಅದೇ. ಹಿಂದಿನ ಕಾಲದಲ್ಲಿ ಪೂರಾ ಹಿತ್ತಾಳೆಯ 12 ಬೋರ್ ತೋಟೆ ಇತ್ತು, ಅದನ್ನ ಮನೆಯಲ್ಲೇ ತುಂಬಿಸ್ತಿದ್ದ ಅಜ್ಜಂದಿರ ಮಾತು ನೀವೂ ಕೇಳಿರ್ಬಹುದು, ಕೇಪಿನ ಕೋವಿ (ನಳಿಗೆಯ ಬಾಯಿಯಿಂದ ಮದ್ದು ತುಂಬಿಸುವ ಹಳೇ ಕೋವಿ) ನೋಡಿದವರಿಗೆ ಮದ್ದು ಅಳೆಯುದು ಹೊಸತೂ ಅಲ್ಲ. ಆದ್ರೆ ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸು ಕೋವಿ ಇಟ್ಕೊಳ್ಳಿಕ್ಕೆ, ಅದ್ರಲ್ಲಿ ಬರೆದಷ್ಟು ತೋಟೆ ಖರೀದಿ ಮಾಡ್ಲಿಕ್ಕೆ, ತೋಟೆ ತಯಾರಿಸ್ಲಿಕ್ಕೆ ಅಲ್ಲ. ಈಗಿನ ಪ್ಲಾಸ್ಟಿಕ್ ತೋಟೆಯ ಖಾಲಿಯನ್ನು ಮಕ್ಕಳ ಆಟಕ್ಕೆ ಕೊಡ್ಬೇಡಿ, ತೋಟದಲ್ಲೂ ಬಿಸಾಡ್ಬೇಡಿ. ಕೆಲವು ಕಡೆ ಹೊಸ ತೋಟೆ ಕೊಡುವ ಮೊದಲು ಹಳೇದರ ಲೆಕ್ಕ ಕೇಳ್ತಾರೆ, ಹಾಗಾಗಿ ಒಂದು ಡಬ್ಬದಲ್ಲಿ ಹಾಕಿ, ಯಾವಾಗ ಎಷ್ಟು ತಗೊಂಡದ್ದು ಎಷ್ಟು ಹೊಡೆದದ್ದು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ, ಲೈಸೆನ್ಸ್ ರಿನ್ಯೂವಲ್ ಟೈಮಲ್ಲಿ, ಇಲ್ಲ ಎಲೆಕ್ಷನ್ ಬಂದು ಕೋವಿ ಠಾಣೆಗೆ ಡೆಪಾಸಿಟ್ ಮಾಡುವಾಗ ತಂದೆಯವರ ಹತ್ರ ಯಾರಾದ್ರೂ ಕೇಳಿದ್ರೆ ಆ ಪುಸ್ತಕ ತೆಗ್ದು ತೋರಿಸ್ಬಹುದು.